ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಮನೆಯ ವೈಫೈ ಕೈಕೊಟ್ಟಾಗ ದೋಷವನ್ನು ಹುಡುಕುವ ಬಗೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಈ ಗಾದೆಯನ್ನು ಕಟ್ಟಿದ ಹಿರಿಯರು ವೈಫೈ ಎಂಬುದನ್ನು ಕಂಡವರಲ್ಲ. ಆದರೂ ರಾಜಾಜಿನಗರದಲ್ಲಿಯೋ ವಿಜಯನಗರದಲ್ಲಿಯೋ ಒಂದು ಮನೆಯ ಅಂತರಜಾಲ ನಿಂತುಹೋದ ಸಂಜೆ ಅಲ್ಲಿ ನಡೆಯುವ ಮಾತುಕತೆಯನ್ನು ಕೇಳಿದವರಿಗೆ, ಗಾದೆ ಹುಟ್ಟಿದುದು ಇದಕ್ಕಾಗಿಯೇ ಇರಬೇಕೆಂದು ತೋರದಿರದು. ಯಜಮಾನರು ಸಂಪರ್ಕ ಕೊಟ್ಟ ಕಂಪನಿಯನ್ನು ಬಯ್ಯುತ್ತಾರೆ. ಮಗ, ಕಂಪ್ಯೂಟರ್ ಹಳೆಯದಾಯಿತೆಂದು ಹೊಸದರ ಬೆಲೆ ಹೇಳುತ್ತಾನೆ. ಅಜ್ಜಿಗೆ ಮೊಮ್ಮಗನ ಆಟಗಳ ಮೇಲೆ ಗುಮಾನಿ. ಮೇಲಿನ ಮಹಡಿಯ ಬಾಡಿಗೆದಾರರು ನಮ್ಮ ಸಂಪರ್ಕವನ್ನೇ ಬಳಸುತ್ತಿರಬಹುದೆಂದು ಮತ್ತೊಬ್ಬರ ಊಹೆ. ಕೊನೆಗೆ ಹೆಚ್ಚಿನ ವೇಗದ ಯೋಜನೆಗೆ ಹಣ ಕಟ್ಟುವುದೋ ಹೊಸ ಯಂತ್ರವನ್ನು ಕೊಳ್ಳುವುದೋ ಆಗುತ್ತದೆ. ಜ್ವರ ಮಾತ್ರ ಎತ್ತಿನಲ್ಲಿಯೇ ಉಳಿದಿರುತ್ತದೆ.

ಇದು ನಕ್ಕು ಮರೆಯುವ ಸಂಗತಿಯಾಗಿ ಉಳಿದಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿದಾಗ ಶಾಲೆಯೂ ಕಚೇರಿಯೂ ಒಮ್ಮೆಗೇ ಮನೆಯೊಳಕ್ಕೆ ಬಂದವು. ಶಾಲೆಯೇನೋ ತನ್ನ ಕಟ್ಟಡಕ್ಕೆ ಹಿಂತಿರುಗಿತು. ಆದರೆ ಆಗ ಬಂದ ಅಭ್ಯಾಸಗಳಲ್ಲಿ ಎಷ್ಟೋ ಮನೆಯಲ್ಲಿಯೇ ನಿಂತವು. ಉದ್ಯೋಗದ ಸಂದರ್ಶನ, ಪ್ರವೇಶ ಪರೀಕ್ಷೆಯ ಅರ್ಜಿ, ವಿದ್ಯುತ್ತಿನ ಬಿಲ್ಲು, ರಕ್ತಪರೀಕ್ಷೆಯ ವರದಿ ಇವೆಲ್ಲ ಇಂದು ಒಂದು ಸಣ್ಣ ಪೆಟ್ಟಿಗೆಯನ್ನು ಹಾದು ಬರಬೇಕು. ಮಕ್ಕಳು ಹೊರದೇಶಗಳಲ್ಲಿ ನೆಲೆಸಿ, ತಂದೆತಾಯಿ ಇಬ್ಬರೇ ಉಳಿದ ಮನೆಗಳು ನಮ್ಮ ಬಡಾವಣೆಗಳಲ್ಲಿ ಕಡಮೆಯೇನಲ್ಲ. ಭಾನುವಾರ ಬೆಳಗ್ಗೆ ಮೊಮ್ಮಗುವಿನ ಮುಖ ತೆರೆಯ ಮೇಲೆ ಮೂಡದೆ ಹೋದರೆ ಆ ದಿನವೆಲ್ಲ ಮನೆ ಬಿಕೋ ಎನ್ನುತ್ತದೆ. ಇಂಥ ಮನೆಗಳಿಗೆ ವೈಫೈ ವಿಲಾಸದ ವಸ್ತುವಲ್ಲ. ನೀರು, ದೀಪಗಳ ಸಾಲಿಗೆ ಸೇರಿದ ಅಗತ್ಯ.

ಅದು ಕೆಟ್ಟಾಗ ಸರಿಪಡಿಸುವುದಕ್ಕೆ ಎಂಜಿನಿಯರಿಂಗ್ ಓದಿರಬೇಕೆಂದು ನಾವು ತಿಳಿದಿದ್ದೇವೆ. ವಾಸ್ತವವಾಗಿ ಬೇಕಾದುದು ಕ್ರಮವಾಗಿ ಪ್ರಶ್ನೆ ಕೇಳುವ ತಾಳ್ಮೆ. ಮೊದಲು ದೋಷದ ನೆಲೆ ತಿಳಿಯಬೇಕು. ಚಿಕಿತ್ಸೆಯ ಮಾತು ಆಮೇಲೆ. ಈ ವಿದ್ಯೆ ನಮ್ಮ ಮನೆಗಳಲ್ಲಿ ಆಗಲೇ ಇದೆ. ಅದನ್ನು ನಮಗೆ ಕಲಿಸಿದುದು ಕಾವೇರಿ ನೀರು.

ನೀರು ಕಲಿಸಿದ ಪಾಠ

1974ರಲ್ಲಿ ಮೊದಲ ಹಂತದ ಯೋಜನೆ ಮುಗಿದಾಗಿನಿಂದ ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ ಬೆಂಗಳೂರಿಗೆ ಹತ್ತಿಬರುತ್ತಿದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಅದನ್ನು ಮೇಲಕ್ಕೆತ್ತಬೇಕು. ಅಲ್ಲಿಂದ ಊರಿನ ಜಲಾಗಾರಕ್ಕೆ, ಜಲಾಗಾರದಿಂದ ಬೀದಿಯ ಕೊಳವೆಗೆ, ಕೊಳವೆಯಿಂದ ನಮ್ಮ ಮನೆಯ ಸಂಪಿಗೆ, ಸಂಪಿನಿಂದ ಮೋಟಾರಿನ ಬಲದಿಂದ ಮೇಲಿನ ಟ್ಯಾಂಕಿಗೆ, ಟ್ಯಾಂಕಿನಿಂದ ಅಡುಗೆಮನೆಯ ನಲ್ಲಿಗೆ ಬರುವುದು ಅದರ ಪ್ರಯಾಣ.

ನಲ್ಲಿಯಲ್ಲಿ ನೀರು ಬಾರದಿದ್ದರೆ ನಮ್ಮ ಗೃಹಿಣಿಯರು ತೊರೆಕಾಡನಹಳ್ಳಿಯನ್ನು ಶಪಿಸುತ್ತ ಕೂರುವುದಿಲ್ಲ. ಬಚ್ಚಲುಮನೆಯ ನಲ್ಲಿಯನ್ನು ತಿರುಗಿಸಿ ನೋಡುತ್ತಾರೆ. ಅಲ್ಲಿ ಬಂದರೆ ಕೆಟ್ಟಿರುವುದು ಅಡುಗೆಮನೆಯ ನಲ್ಲಿ ಮಾತ್ರ. ಅಲ್ಲಿಯೂ ಬಾರದಿದ್ದರೆ ಟ್ಯಾಂಕನ್ನು ನೋಡುತ್ತಾರೆ. ಟ್ಯಾಂಕು ಬರಿದಾಗಿದ್ದರೆ ಸಂಪಿನ ಮುಚ್ಚಳ ತೆಗೆಯುತ್ತಾರೆ. ಸಂಪಿನಲ್ಲಿ ನೀರಿದ್ದರೆ ಮೋಟಾರಿನ ಕಡೆಗೆ ತಿರುಗುತ್ತಾರೆ, ಸಂಪೂ ಬರಿದಾಗಿದ್ದರೆ ಗೋಡೆಯ ಮೇಲಿಂದ, “ನಿಮ್ಮಲ್ಲಿ ಇವತ್ತು ನೀರು ಬಂತೇನ್ರೀ?” ಎಂದು ಪಕ್ಕದ ಮನೆಯವರನ್ನು ಕೇಳುತ್ತಾರೆ. ಹತ್ತು ನಿಮಿಷದಲ್ಲಿ ಪ್ಲಂಬರನನ್ನು ಕರೆಯಬೇಕೇ, ಜಲಮಂಡಳಿಗೆ ಹೇಳಬೇಕೇ ಎಂಬುದು ನಿರ್ಣಯವಾಗಿರುತ್ತದೆ.

ಅಂತರಜಾಲದ ಹಾದಿಯೂ ಇದೇ ಬಗೆಯದು. ಬೀದಿಯ ಕಂಬದಿಂದ ಮನೆಯ ಗೋಡೆಯವರೆಗೆ ಕೂದಲೆಳೆಯಷ್ಟು ಸಣ್ಣದಾದ ಗಾಜಿನ ತಂತು ಬೆಳಕಿನ ರೂಪದಲ್ಲಿ ಸಂದೇಶವನ್ನು ತರುತ್ತದೆ. ಗೋಡೆಯ ಮೇಲಿನ ಪೆಟ್ಟಿಗೆ ಆ ಬೆಳಕನ್ನು ವಿದ್ಯುತ್ ಸಂಕೇತವಾಗಿಸುತ್ತದೆ. ಅದರೊಳಗೇ ಇರುವ, ಕೆಲವು ಮನೆಗಳಲ್ಲಿ ಬೇರೆಯಾಗಿರುವ, ರೂಟರ್ ಆ ಸಂಕೇತವನ್ನು ಮನೆಯ ಯಂತ್ರಗಳಿಗೆ ಹಂಚುತ್ತದೆ. ರೂಟರಿನಿಂದ ಕಂಪ್ಯೂಟರಿನವರೆಗೆ ತಂತಿಯಿಲ್ಲ. ಅಲ್ಲಿ ರೇಡಿಯೋ ಅಲೆಗಳದೇ ಸಾರಿಗೆ. ಹೀಗೆ ಬೀದಿ, ಪೆಟ್ಟಿಗೆ, ಗಾಳಿ, ಕಂಪ್ಯೂಟರ್ ಎಂದು ನಾಲ್ಕು ತುಂಡುಗಳಾದವು. ಜ್ವರ ಈ ನಾಲ್ಕರಲ್ಲಿ ಯಾವುದಕ್ಕೆ?

ಒಬ್ಬರಿಗೋ, ಎಲ್ಲರಿಗೋ?

ಕೇಳಬೇಕಾದ ಮೊದಲ ಪ್ರಶ್ನೆ ಇದು: ನಿಂತಿರುವುದು ಒಂದೇ ಯಂತ್ರಕ್ಕೋ, ಮನೆಯ ಎಲ್ಲ ಯಂತ್ರಗಳಿಗೋ? ಕಂಪ್ಯೂಟರ್ ಕೈಕೊಟ್ಟಿರುವಾಗ ಕೈಯಲ್ಲಿರುವ ಫೋನನ್ನು ಸಾಕ್ಷಿಯಾಗಿ ಕರೆಯಬಹುದು. ಆದರೆ ಈ ಸಾಕ್ಷಿ ಸುಳ್ಳು ಹೇಳುವುದುಂಟು. ವೈಫೈ ಇಲ್ಲದಿದ್ದರೆ ಫೋನು ಸದ್ದಿಲ್ಲದೆ ತನ್ನ ಮೊಬೈಲ್ ಡೇಟಾವನ್ನು ಬಳಸಿಕೊಂಡು ಚಲನಚಿತ್ರವನ್ನು ತೋರಿಸುತ್ತಲೇ ಇರುತ್ತದೆ. ಆದುದರಿಂದ ಮೊದಲು ಫೋನಿನ ಮೊಬೈಲ್ ಡೇಟಾವನ್ನು ಆರಿಸಿ, ವೈಫೈಯೊಂದನ್ನೇ ಉಳಿಸಿ, ಆಮೇಲೆ ಯಾವುದಾದರೂ ಹೊಸ ಪುಟವನ್ನು ತೆರೆಯಬೇಕು.

ಪುಟ ತೆರೆಯಿತೆಂದರೆ ಬೀದಿಯೂ ಪೆಟ್ಟಿಗೆಯೂ ನಿರ್ದೋಷಿಗಳು. ಉಳಿದವು ಗಾಳಿ ಮತ್ತು ಕಂಪ್ಯೂಟರ್. ತೆರೆಯಲಿಲ್ಲವೆಂದರೆ ಕಂಪ್ಯೂಟರಿನ ತಂಟೆಗೆ ಸದ್ಯಕ್ಕೆ ಹೋಗಬೇಕಾಗಿಲ್ಲ; ಪೆಟ್ಟಿಗೆಯ ಮುಂದೆ ನಿಲ್ಲಬೇಕು. ಒಂದೇ ಪ್ರಶ್ನೆಯಿಂದ ಅರ್ಧ ಹಾದಿ ಪರೀಕ್ಷೆಯಾದಂತಾಯಿತು.

ದೀಪಗಳ ಭಾಷೆ

ಪೆಟ್ಟಿಗೆಯ ಮೇಲೆ ಮಿನುಗುವ ದೀಪಗಳನ್ನು ನಾವು ಅಲಂಕಾರವೆಂದು ತಿಳಿಯುವುದೇ ಹೆಚ್ಚು. ಅವು ಪೆಟ್ಟಿಗೆಯ ನಾಡಿ. ಗಾಜಿನ ತಂತುವಿನ ಸಂಪರ್ಕವಿರುವ ಮನೆಗಳಲ್ಲಿ ಸಾಮಾನ್ಯವಾಗಿ ‘ಪಾನ್’ ಎಂಬ ಹೆಸರಿನ ದೀಪ ಸ್ಥಿರವಾಗಿ ಹಸಿರಾಗಿದ್ದರೆ ಬೀದಿಯಿಂದ ಬೆಳಕು ಬರುತ್ತಿದೆಯೆಂದು ಅರ್ಥ. ‘ಲಾಸ್’ ಎಂಬ ದೀಪ ಕೆಂಪಾಗಿ ಉರಿದರೆ ಬೆಳಕು ಮನೆಗೆ ಮುಟ್ಟುತ್ತಿಲ್ಲ. ನಮ್ಮ ಬೀದಿಗಳಲ್ಲಿ ಈ ತಂತುಗಳು ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ಜೋತುಬಿದ್ದಿರುವುದನ್ನು ಎಲ್ಲರೂ ಕಂಡಿದ್ದೇವೆ. ಮುಂಗಾರಿಗೆ ಮುಂಚಿನ ಒಂದು ಗಾಳಿಮಳೆಗೆ ಕೊಂಬೆ ಬಿದ್ದರೆ ಸಾಕು, ಬೀದಿಯ ಅರ್ಧಕ್ಕೆ ಕೆಂಪು ದೀಪ.

ಇಂಥ ಹೊತ್ತಿನಲ್ಲಿ ಮನೆಯವರು ಮಾಡಬಹುದಾದುದು ಎರಡೇ. ಗೋಡೆಯಿಂದ ಪೆಟ್ಟಿಗೆಗೆ ಬರುವ ತಂತು ಬಾಗಿಲ ಸಂದಿಗೆ ಸಿಕ್ಕಿದೆಯೇ, ಕಪಾಟಿನ ಹಿಂದೆ ಮಡಿಸಿಹೋಗಿದೆಯೇ ಎಂದು ನೋಡುವುದು ಒಂದು. ಗಾಜು ತಾಮ್ರದಂತಲ್ಲ, ಹೆಚ್ಚು ಬಾಗಿಸಿದರೆ ಬೆಳಕು ಆ ತಿರುವಿನಲ್ಲಿಯೇ ಸೋರಿಹೋಗುತ್ತದೆ. ಇನ್ನೊಂದು, ಕಂಪನಿಗೆ ದೂರು ಕೊಡುವುದು. ಕೆಂಪು ದೀಪ ಉರಿಯುತ್ತಿರುವಾಗ ಕಂಪ್ಯೂಟರಿನ ಗುಪ್ತಪದವನ್ನು ಬದಲಾಯಿಸುತ್ತ ಕೂರುವುದು ಎಮ್ಮೆಗೆ ಬರೆ ಹಾಕಿದಂತೆಯೇ.

ದೀಪಗಳೆಲ್ಲ ಹಸಿರಾಗಿದ್ದೂ ಯಾರಿಗೂ ಅಂತರಜಾಲವಿಲ್ಲದಿದ್ದರೆ ಪೆಟ್ಟಿಗೆಯನ್ನು ಒಮ್ಮೆ ಆರಿಸಿ ಹಚ್ಚುವುದು ಸರಿಯಾದ ಕ್ರಮ. ಇದನ್ನು ಕೆಲವರು ಮೂಢನಂಬಿಕೆಯೆಂದು ನಗುವರು, ಅದಕ್ಕೆ ಕಾರಣವಿದೆ. ರೂಟರ್ ಕೂಡ ಒಂದು ಸಣ್ಣ ಕಂಪ್ಯೂಟರೇ. ಯಾವ ಯಂತ್ರಕ್ಕೆ ಯಾವ ಸಂಖ್ಯೆ, ಯಾರ ಸಂದೇಶ ಎಲ್ಲಿಗೆ ಎಂಬ ಪಟ್ಟಿಗಳನ್ನು ಅದು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ತಿಂಗಳುಗಟ್ಟಲೆ ಬಿಡುವಿಲ್ಲದೆ ನಡೆದಾಗ ಆ ಪಟ್ಟಿಗಳಲ್ಲಿ ಗೊಂದಲವುಂಟಾಗಬಹುದು. ವಿದ್ಯುತ್ತನ್ನು ಅರ್ಧ ನಿಮಿಷ ತಡೆದರೆ ನೆನಪು ಪೂರ್ತಿಯಾಗಿ ಬರಿದಾಗಿ, ಹೊಸ ಪಟ್ಟಿ ಏಳುತ್ತದೆ. ಮೊದಲು ಪೆಟ್ಟಿಗೆಯನ್ನು ಹಚ್ಚಿ, ದೀಪಗಳು ಸ್ಥಿರವಾಗುವವರೆಗೆ ಮೂರು ನಾಲ್ಕು ನಿಮಿಷ ಕಾದು, ಅನಂತರ ಕಂಪ್ಯೂಟರನ್ನು ಸೇರಿಸಬೇಕು.

ಒಂದು ಎಚ್ಚರಿಕೆ. ಪೆಟ್ಟಿಗೆಯ ಬೆನ್ನಿನಲ್ಲಿ ಸೂಜಿಯ ಮೊನೆ ತೂರುವಷ್ಟು ಸಣ್ಣ ರಂಧ್ರವೊಂದಿದ್ದು, ಅದರ ಬಳಿ ‘ರೀಸೆಟ್’ ಎಂದು ಬರೆದಿರುತ್ತದೆ. ಆರಿಸಿ ಹಚ್ಚುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಒತ್ತಿಹಿಡಿದರೆ ಕಂಪನಿಯವರು ತುಂಬಿಸಿದ ವಿವರಗಳೆಲ್ಲ ಅಳಿಸಿಹೋಗಿ, ಅವರು ಬಂದು ಮತ್ತೆ ತುಂಬುವವರೆಗೆ ಮನೆಗೆ ಅಂತರಜಾಲವಿಲ್ಲದಂತಾಗಬಹುದು.

ಗಾಳಿಯಲ್ಲಿ ಕಳೆದುಹೋಗುವುದು

ಇನ್ನು ಮೂರನೆಯ ತುಂಡು. ನಮ್ಮ ನಾಡಿಗೆ ತಂತಿಯಿಲ್ಲದ ವಾರ್ತೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ಅಂಟಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ದೇಶದ ಬಾನುಲಿಗೇ ಹೆಸರಾಯಿತು. ಹಾಗಾದರೆ ಊರಿನಿಂದೂರಿಗೆ ಹಬ್ಬುವ ಅಲೆ, ನಮ್ಮ ಮನೆಯ ನಡುಮನೆಯಿಂದ ಹಿಂದಿನ ಕೋಣೆಗೆ ಹೋಗಲಾರದೆ ಸೋಲುವುದೇಕೆ?

ಉತ್ತರ ಅಲೆಯ ಉದ್ದದಲ್ಲಿಯೂ ಪ್ರಸಾರದ ಬಲದಲ್ಲಿಯೂ ಇದೆ. ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ನಲ್ಲಿ ಕೇಳಿದ ಹಿರಿಯರಿಗೆ ಆ ಅಂಕಿ ಬಾಯಿಪಾಠ. ಆ ಅಲೆಯ ಉದ್ದ ಸುಮಾರು 490 ಮೀಟರ್. ಅಷ್ಟು ಉದ್ದದ ಅಲೆ ಕಟ್ಟಡ, ದಿಣ್ಣೆಗಳನ್ನು ಲೆಕ್ಕಿಸದೆ ಬಳಸಿಕೊಂಡು ಹೋಗುತ್ತದೆ; ಅದರ ಹಿಂದೆ ದೊಡ್ಡ ಪ್ರಸಾರ ಕೇಂದ್ರದ ಶಕ್ತಿಯೂ ಇರುತ್ತದೆ. ವೈಫೈ ಬಳಸುವುದು ಮುಖ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳನ್ನು. ಮೊದಲನೆಯದರ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಎರಡನೆಯದರದು ಸುಮಾರು ಆರು. ಇಷ್ಟು ಗಿಡ್ಡ ಅಲೆ ಗೋಡೆಯನ್ನು ಬಳಸಿಹೋಗಲಾರದು. ತೂರಿಯೇ ಹೋಗಬೇಕು, ತೂರುವಾಗ ಬಲಗುಂದಬೇಕು. ಇಟ್ಟಿಗೆಯ ಗೋಡೆ ಸ್ವಲ್ಪ ನುಂಗುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟಿನ ತಾರಸಿ ಬಹಳ ನುಂಗುತ್ತದೆ. ಉಕ್ಕಿನ ಬೀರುವೂ ದೊಡ್ಡ ನಿಲುಗನ್ನಡಿಯೂ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ. ಮೀನಿನ ತೊಟ್ಟಿಯ ನೀರು ಅದನ್ನು ಹೀರುತ್ತದೆ. 5 ಗಿಗಾಹರ್ಟ್ಸ್ ಅಲೆ ಹೆಚ್ಚು ವೇಗದ್ದು, ಆದರೆ ಬೇಗ ದಣಿಯುವಂಥದು, 2.4ರದು ನಿಧಾನ, ಆದರೆ ದೂರ ನಡೆಯಬಲ್ಲುದು.

ನಮ್ಮ ಮನೆಗಳ ಕಟ್ಟಡವನ್ನು ಈಗ ನೆನೆಯಿರಿ. ಇಪ್ಪತ್ತು-ಮೂವತ್ತರ, ಮೂವತ್ತು-ನಲವತ್ತರ ನಿವೇಶನ. ಗೋಡೆಗೆ ಗೋಡೆ ತಾಗುವ ಮನೆಗಳು. ಒಂದರ ಮೇಲೊಂದು ಮೂರು ಅಂತಸ್ತು. ತಂತು ಮನೆಯನ್ನು ಪ್ರವೇಶಿಸುವುದು ಮುಂಬಾಗಿಲ ಬಳಿ. ಪೆಟ್ಟಿಗೆಯನ್ನು ಅಲ್ಲಿಯೇ ಗೋಡೆಗೆ ಮೊಳೆ ಹೊಡೆದು ತೂಗುಹಾಕುವುದು ರೂಢಿ. ಮಗುವಿನ ಓದಿಗೆ ಸದ್ದಿಲ್ಲದ ಸ್ಥಳ ಬೇಕೆಂದು ಕಂಪ್ಯೂಟರನ್ನು ಇಟ್ಟಿರುವುದು ಹಿಂದಿನ ಕೋಣೆಯಲ್ಲಿ, ಇಲ್ಲವೇ ಮೇಲಿನ ಮಹಡಿಯಲ್ಲಿ. ನಡುವೆ ಎರಡು ಗೋಡೆ, ಒಂದು ತಾರಸಿ, ಒಂದು ಬೀರು. ಪೆಟ್ಟಿಗೆ ನೋಡಲು ಚೆನ್ನಾಗಿಲ್ಲವೆಂದು ಅದನ್ನು ಟೀವಿಯ ಕಪಾಟಿನೊಳಗೆ ಮುಚ್ಚಿಟ್ಟ ಮನೆಗಳೂ ಉಂಟು. ದೀಪವನ್ನು ಹಚ್ಚಿ ಕೊಳಗದ ಕೆಳಗೆ ಇಟ್ಟರೆ ಮನೆ ಬೆಳಗೀತೇ?

ಇದರ ಮೇಲೆ ನೆರೆಹೊರೆಯ ಸಂದಣಿ. 2.4 ಗಿಗಾಹರ್ಟ್ಸ್ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದೆಂದು ಭಾರತ ಸರ್ಕಾರ 2005ರಲ್ಲಿ ವಿಧಿಸಿತು. ಅಂದಿನಿಂದ ಅದು ಎಲ್ಲರ ಬೀದಿ. ಯಾರನ್ನೂ ಆಚೆ ಹೋಗಿರೆನ್ನುವ ಹಕ್ಕು ಯಾರಿಗೂ ಇಲ್ಲ. ಆ ಪಟ್ಟಿಯಲ್ಲಿ ಸಂಖ್ಯೆ ಹಾಕಿದ ಹಲವು ಚಾನೆಲುಗಳಿದ್ದರೂ, ಒಂದರ ಮೇಲೊಂದು ಬೀಳದಂತೆ ನಡೆಯಬಲ್ಲವು 1, 6, 11 ಎಂಬ ಮೂರು ಮಾತ್ರ. ವೈಫೈ ಪಟ್ಟಿಯನ್ನು ತೆರೆದು ನೆರೆಮನೆಗಳ ಹೆಸರನ್ನು ಎಣಿಸಿ ನೋಡಿ; ಹತ್ತು ಹನ್ನೆರಡು ಕಂಡರೆ ಅವರೆಲ್ಲ ಆ ಮೂರು ಓಣಿಗಳಲ್ಲಿಯೇ ನೂಕಾಡುತ್ತಿದ್ದಾರೆ ಎಂದಾಯಿತು. ಮೈಕ್ರೋವೇವ್ ಒಲೆಯೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿಯೇ ಅಡುಗೆ ಬಿಸಿಮಾಡುವುದರಿಂದ, ರಾತ್ರಿಯ ಊಟದ ಹೊತ್ತಿಗೆ ಮಾತ್ರ ಸಂಪರ್ಕ ತಡವರಿಸಿದರೆ ಅಡುಗೆಮನೆಯ ಕಡೆಗೂ ಒಮ್ಮೆ ನೋಡಬೇಕು.

ಗಾಳಿಯ ದೋಷವನ್ನು ಪತ್ತೆಮಾಡುವ ಪರೀಕ್ಷೆ ಸುಲಭ. ಮಡಿಲ ಕಂಪ್ಯೂಟರಾದರೆ ಅದನ್ನೇ ಪೆಟ್ಟಿಗೆಯ ಬಳಿಗೆ ಒಯ್ಯಿರಿ. ಮೇಜಿನ ಕಂಪ್ಯೂಟರಾದರೆ ಫೋನನ್ನು ಅದರ ಬಳಿಗೆ ತಂದು ನೋಡಿರಿ. ಇವೆರಡಕ್ಕಿಂತ ನಂಬಿಕೆಯ ಪರೀಕ್ಷೆಯೆಂದರೆ, ರೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಈಥರ್‌ನೆಟ್ ತಂತಿಯನ್ನು ಹಾಕುವುದು. ತಂತಿಯಲ್ಲಿ ಸರಾಗವಾಗಿ ನಡೆದು, ಪೆಟ್ಟಿಗೆಯ ಮುಂದೆ ವೈಫೈಯೂ ನಡೆದು, ಕೋಣೆಯಲ್ಲಿ ಮಾತ್ರ ನಡೆಯದಿದ್ದರೆ ಅಪರಾಧಿ ಗಾಳಿಯೇ. ಪೆಟ್ಟಿಗೆಯನ್ನು ಮನೆಯ ನಡುವಿಗೆ, ಎತ್ತರಕ್ಕೆ, ಬಯಲಿಗೆ ತರಿಸಿರಿ. ಅದು ಸಾಧ್ಯವಾಗದಿದ್ದರೆ ಮೇಲಿನ ಮಹಡಿಗೆ ತಂತಿಯನ್ನು ಎಳೆಸುವುದು ಶಾಶ್ವತವಾದ ಪರಿಹಾರ. ಅಲೆಯನ್ನು ಮುಂದಕ್ಕೆ ದಾಟಿಸುವ ‘ರಿಪೀಟರ್’ ಕೊಳ್ಳುವವರು ಅದನ್ನು ಸಂಪರ್ಕ ಸತ್ತಿರುವ ಕೋಣೆಯಲ್ಲಿ ಇಡಬಾರದು. ಸಂಪರ್ಕ ಇನ್ನೂ ಚೆನ್ನಾಗಿರುವ ನಡುದಾರಿಯಲ್ಲಿ ಇಡಬೇಕು. ತನಗೇ ಕೇಳಿಸದ ಮಾತನ್ನು ಅದು ಇನ್ನೊಬ್ಬರಿಗೆ ಹೇಗೆ ಹೇಳೀತು?

ಕಂಪ್ಯೂಟರಿನ ಸರದಿ

ಅದೇ ಕೋಣೆಯಲ್ಲಿ, ಅದೇ ಮೇಜಿನ ಮೇಲೆ, ಫೋನಿಗೆ ಸಂಪರ್ಕವಿದ್ದು ಕಂಪ್ಯೂಟರಿಗೆ ಇಲ್ಲದಿದ್ದರೆ ಮಾತ್ರ ಕಂಪ್ಯೂಟರನ್ನು ವಿಚಾರಿಸತಕ್ಕದ್ದು. ಅಲ್ಲಿಯೂ ಸುಲಭವಾದುದರಿಂದ ಕಠಿಣವಾದುದಕ್ಕೆ ಹೋಗುವುದು ಕ್ರಮ.

ಮೊದಲು, ವಿಮಾನಯಾನದ ಗುಂಡಿ. ಹಲವು ಮಡಿಲ ಕಂಪ್ಯೂಟರುಗಳಲ್ಲಿ ಒಂದು ಕೀಲಿಯನ್ನು ಒತ್ತಿದರೆ ವೈಫೈ ಪೂರ್ತಿಯಾಗಿ ಆರುತ್ತದೆ. ಮೇಜು ಒರೆಸುವ ಬಟ್ಟೆ ತಾಗಿಯೂ ಇದು ಆಗಬಹುದು.

ಎರಡನೆಯದು, ಗುಪ್ತಪದ. ಮನೆಯಲ್ಲಿ ಯಾರೋ ರೂಟರಿನ ಗುಪ್ತಪದವನ್ನು ಬದಲಾಯಿಸಿರುತ್ತಾರೆ. ಕಂಪ್ಯೂಟರ್ ಮಾತ್ರ ಹಳೆಯ ಬೀಗದಕೈಯನ್ನೇ ಹಿಡಿದು ಬಾಗಿಲು ಬಡಿಯುತ್ತಿರುತ್ತದೆ. ಪಟ್ಟಿಯಲ್ಲಿ ನಮ್ಮ ವೈಫೈಯ ಹೆಸರನ್ನು ಹುಡುಕಿ, ಅದನ್ನು ‘ಫರ್ಗೆಟ್’ ಎಂಬ ಆಜ್ಞೆಯಿಂದ ಮರೆಸಿ, ಹೊಸದಾಗಿ ಸೇರಬೇಕು. ಹೊಸ ರೂಟರ್ ಬಂದ ದಿನದಿಂದ ಹಳೆಯ ಕಂಪ್ಯೂಟರ್ ಮಾತ್ರ ಸೇರಲೊಲ್ಲದಿದ್ದರೆ, ರೂಟರ್ ಡಬ್ಲ್ಯುಪಿಎ-3 ಎಂಬ ಹೊಸ ಬಗೆಯ ಭದ್ರತೆಯನ್ನಷ್ಟೇ ಒಪ್ಪುತ್ತಿರಬಹುದು. ಡಬ್ಲ್ಯುಪಿಎ-2ನ್ನೂ ಒಪ್ಪುವಂತೆ ಬದಲಾಯಿಸಿದರೆ ಹಳೆಯ ಯಂತ್ರ ಒಳಗೆ ಬರುತ್ತದೆ. ಹೊಸದನ್ನು ಕೊಳ್ಳುವ ಖರ್ಚು ತಪ್ಪುತ್ತದೆ.

ಮೂರನೆಯದು, ವಿಳಾಸ. ಮನೆಗೆ ಸೇರಿದ ಪ್ರತಿಯೊಂದು ಯಂತ್ರಕ್ಕೂ ರೂಟರ್ ಬಾಗಿಲ ಸಂಖ್ಯೆಯಂತೆ ಒಂದು ವಿಳಾಸವನ್ನು ಕೊಡುತ್ತದೆ. ಅದು ಬಹುಮಟ್ಟಿಗೆ 192.168 ಎಂದು ಆರಂಭವಾಗುತ್ತದೆ. ಕಂಪ್ಯೂಟರಿನ ಸಂಪರ್ಕದ ವಿವರದಲ್ಲಿ 169.254 ಎಂದು ಆರಂಭವಾಗುವ ಸಂಖ್ಯೆ ಕಂಡರೆ, ರೂಟರ್ ವಿಳಾಸ ಕೊಡಲಿಲ್ಲ, ಕಂಪ್ಯೂಟರ್ ತಾನೇ ಒಂದನ್ನು ಕಲ್ಪಿಸಿಕೊಂಡು ಕೂತಿದೆ ಎಂದು ತಿಳಿಯಬೇಕು. ‘ಸಂಪರ್ಕವಿದೆ, ಅಂತರಜಾಲವಿಲ್ಲ’ ಎಂಬ ವಿಚಿತ್ರ ವಾಕ್ಯದ ಹಿಂದಿರುವ ಕಾರಣಗಳಲ್ಲಿ ಇದೂ ಒಂದು. ಸಂಪರ್ಕವನ್ನು ಮರೆಸಿ ಮತ್ತೆ ಸೇರುವುದು, ಅದೂ ಆಗದಿದ್ದರೆ ರೂಟರನ್ನು ಆರಿಸಿ ಹಚ್ಚುವುದು ಇದಕ್ಕೆ ಮದ್ದು.

ನಾಲ್ಕನೆಯದನ್ನು ಯಾರೂ ಊಹಿಸುವುದಿಲ್ಲ: ದಿನಾಂಕ. ಹಳೆಯ ಮೇಜಿನ ಕಂಪ್ಯೂಟರುಗಳೊಳಗೆ ನಾಣ್ಯದಾಕಾರದ ಒಂದು ಬ್ಯಾಟರಿಯಿದ್ದು, ಯಂತ್ರ ಆರಿರುವಾಗಲೂ ಗಡಿಯಾರವನ್ನು ನಡೆಸುತ್ತಿರುತ್ತದೆ. ಅದು ಬರಿದಾದರೆ ಕಂಪ್ಯೂಟರ್ ಎದ್ದಾಗಲೆಲ್ಲ ಹತ್ತು ಹದಿನೈದು ವರ್ಷ ಹಿಂದಿನ ಕಾಲಕ್ಕೆ ಹೋಗಬಹುದು. ಬ್ಯಾಂಕು ಮೊದಲಾದ ಸುರಕ್ಷಿತ ತಾಣಗಳು ತಮ್ಮ ಗುರುತಿನ ಪ್ರಮಾಣಪತ್ರವನ್ನು ತೋರಿಸುತ್ತವೆ. ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ಹಿಂದಿನ ಕಾಲದಲ್ಲಿರುವ ಕಂಪ್ಯೂಟರಿಗೆ ಆ ಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ತೋರಿ, ಅದು ತಾಣವನ್ನೇ ತಿರಸ್ಕರಿಸುತ್ತದೆ. ವೈಫೈ ಕೆಟ್ಟಿತೆಂದು ಮನೆಯವರು ಭಾವಿಸುತ್ತಾರೆ. ತೆರೆಯ ಮೂಲೆಯ ದಿನಾಂಕವನ್ನು ನೋಡಲು ಒಂದು ಕ್ಷಣ ಸಾಕು; ಬ್ಯಾಟರಿಯ ಬೆಲೆಯೂ ಅಲ್ಪ.

ಐದನೆಯದು, ಗ್ರಾಹಕ ಕಡ್ಡಿ. ಮೇಜಿನ ಕಂಪ್ಯೂಟರಿಗೆ ವೈಫೈ ಬರುವಂತೆ ಹೆಬ್ಬೆರಳುದ್ದದ ಕಡ್ಡಿಯನ್ನು ಅದರ ಬೆನ್ನಿಗೆ ಚುಚ್ಚಿರುತ್ತೇವೆ. ಅದು ಕಬ್ಬಿಣದ ಪೆಟ್ಟಿಗೆಯ ಹಿಂದೆ, ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ ಅಡಗಿರುತ್ತದೆ. ಒಂದು ಗಜದ ಯುಎಸ್‌ಬಿ ತಂತಿಯಿಂದ ಅದನ್ನು ಮೇಜಿನ ಮೇಲಕ್ಕೆ ತಂದರೆ ಎಷ್ಟೋ ವೇಳೆ ಸಂಕಟವೇ ಪರಿಹಾರವಾಗುತ್ತದೆ. ಇಷ್ಟೆಲ್ಲ ಮಾಡಿಯೂ ಫಲವಿಲ್ಲವಾದರೆ, ಆ ಕಡ್ಡಿಯನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಹೊಸದಾಗಿ ಹಾಕಿಸಲು ಬಲ್ಲವರನ್ನು ಕರೆಯಬಹುದು.

ಒಂದು ಮನೆಯ ಉದಾಹರಣೆ

ಈ ಕ್ರಮ ಹೇಗೆ ನಡೆಯುತ್ತದೆಂದು ನೋಡಲು ಬಸವೇಶ್ವರನಗರದ ಮೂರಂತಸ್ತಿನ ಮನೆಯೊಂದನ್ನು ಕಲ್ಪಿಸಿಕೊಳ್ಳೋಣ. ನಾಳೆ ಬೆಳಗ್ಗೆ ಹತ್ತಕ್ಕೆ ಮಗಳಿಗೆ ಕೆಲಸದ ಸಂದರ್ಶನ. ಅವಳ ಕೋಣೆ ಮೊದಲ ಮಹಡಿಯಲ್ಲಿ. ರಾತ್ರಿ ಎಂಟಕ್ಕೆ ಕಂಪ್ಯೂಟರ್ ಸಂಪರ್ಕ ಕಳೆದುಕೊಂಡಿದೆ.

“ಕಂಪನಿಯವರಿಗೆ ಫೋನ್ ಮಾಡ್ತೀನಿ,” ಎಂದು ತಂದೆ ಎದ್ದರು.

“ಸ್ವಲ್ಪ ತಡೀರಿ,” ಎಂದರು ತಾಯಿ. “ಕೆಳಗೆ ಅತ್ತೆಯವರು ಧಾರಾವಾಹಿ ನೋಡ್ತಾ ಇದಾರಲ್ಲ, ಅದು ವೈಫೈಯಲ್ಲೇ ಬರೋದು. ಬೀದಿಯಿಂದ ಬರ್ತಾ ಇದೆ ಅಂತ ಆಯ್ತು. ಪುಟ್ಟಿ, ನಿನ್ನ ಫೋನಿನ ಡೇಟಾ ಆರಿಸು. ಈಗ ನೋಡು, ಈ ಕೋಣೆಯಲ್ಲಿ ಬರುತ್ತಾ?”

“ಬರುತ್ತಮ್ಮ. ಆದರೆ ಒಂದೇ ಗೆರೆ ಇದೆ, ತುಂಬ ನಿಧಾನ.”

“ಮೆಟ್ಟಿಲ ಹತ್ತಿರ ಹೋಗಿ ನೋಡು.”

“ಇಲ್ಲಿ ಚೆನ್ನಾಗಿದೆ!”

ಮೆಟ್ಟಿಲಿಗೂ ಕೋಣೆಗೂ ನಡುವೆ ಏನಿದೆ? ಹೋದ ವಾರ ಕೆಳಗಿನಿಂದ ಮೇಲಕ್ಕೆ ಸಾಗಿಸಿದ ಉಕ್ಕಿನ ಬೀರು. ಮೆಟ್ಟಿಲ ಬಯಲಿನಿಂದ ಹತ್ತಿಬರುತ್ತಿದ್ದ ಅಲೆಗೆ ಅದು ಅಡ್ಡ ನಿಂತಿದೆ. ಕಂಪ್ಯೂಟರ್ ಹಿಡಿದಿದ್ದುದು ಬೇಗ ದಣಿಯುವ 5 ಗಿಗಾಹರ್ಟ್ಸ್ ಅಲೆಯನ್ನು. ವೈಫೈ ಹೆಸರಿನ ಕೊನೆಯಲ್ಲಿ ‘5ಜಿ’ ಎಂದಿದ್ದುದು ಅದರ ಗುರುತು. ಮೊಬೈಲ್ ಕಂಪನಿಗಳು ಹೇಳುವ 5ಜಿಗೂ ಇದಕ್ಕೂ ನಂಟಿಲ್ಲ. ಆ ರಾತ್ರಿಗೆ ಅವರು 2.4ರ ಹೆಸರನ್ನು ಆರಿಸಿಕೊಂಡು, ಬೀರುವನ್ನು ಎದುರು ಗೋಡೆಗೆ ಸರಿಸಿದರು. ಖರ್ಚಾದುದು ಇಬ್ಬರ ಬೆವರು. ಕಂಪನಿಗೆ ಫೋನ್ ಮಾಡಿದ್ದರೆ ದೀಪಗಳೆಲ್ಲ ಹಸಿರಾಗಿರುವ ಪೆಟ್ಟಿಗೆಯನ್ನು ನೋಡಿಹೋಗಲು ಮರುದಿನ ಮಧ್ಯಾಹ್ನ ಯಾರೋ ಬರುತ್ತಿದ್ದರು.

ವೇಗದ ಲೆಕ್ಕ

ಸಂಪರ್ಕವಿದೆ, ಆದರೆ ನಿಧಾನ ಎಂಬುದು ಇನ್ನೊಂದು ದೂರು. ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಕಂಪನಿಯವರು ಹೇಳುವ 100 ಎಂಬುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಕಂಪ್ಯೂಟರ್ ಕಡತವನ್ನು ಇಳಿಸಿಕೊಳ್ಳುವಾಗ ಸಾಮಾನ್ಯವಾಗಿ ತೋರಿಸುವುದು ಮೆಗಾಬೈಟ್. ಎಂಟು ಬಿಟ್ಟುಗಳಿಗೆ ಒಂದು ಬೈಟು. ಆದುದರಿಂದ 100ರ ಸಂಪರ್ಕದಲ್ಲಿ 12.5 ಕಂಡರೆ ಮೋಸವಾಗಿಲ್ಲ. ಪೂರ್ತಿ ವೇಗ ಬಂದಿದೆ.

ಪೆಟ್ಟಿಗೆಗೆ ತಂತಿ ಹಾಕಿ ಅಳೆದಾಗ ಹೇಳಿದ ವೇಗ ಬಂದು, ಕೋಣೆಯಲ್ಲಿ ಅದರ ಕಾಲುಭಾಗವೂ ಬಾರದಿದ್ದರೆ, ಹೆಚ್ಚಿನ ಬೆಲೆಯ ಯೋಜನೆಗೆ ಹೋಗುವುದು ವ್ಯರ್ಥ. ನಲ್ಲಿಯ ಬಾಯಿಗೆ ಕಸ ಕಟ್ಟಿಕೊಂಡಿರುವಾಗ ದೊಡ್ಡ ಟ್ಯಾಂಕು ಕೊಂಡರೆ ಬಿಂದಿಗೆ ಬೇಗ ತುಂಬುವುದೇ? ತಂತಿಯಲ್ಲಿಯೇ ವೇಗ ಕಡಮೆಯಾಗಿದ್ದರೆ ಮಾತ್ರ ಕಂಪನಿಯನ್ನು ಕೇಳಲು ನಮಗೆ ಆಧಾರವುಂಟು.

ನೆರವು ಕೇಳುವಾಗ

ಕೊನೆಯದಾಗಿ, ಎಲ್ಲಕ್ಕಿಂತ ದುಬಾರಿಯಾದ ತಪ್ಪಿನ ಬಗ್ಗೆ ಹೇಳಬೇಕು. ಸಂಪರ್ಕ ಕೆಟ್ಟ ಗಾಬರಿಯಲ್ಲಿ ಕಂಪನಿಯ ಗ್ರಾಹಕ ಸೇವೆಯ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕುವವರುಂಟು. ಅಲ್ಲಿ ಮೊದಲಿಗೆ ಕಾಣುವ ಸಂಖ್ಯೆ ವಂಚಕರದಾಗಿರಬಹುದು. ಅವರು ಸವಿಯಾಗಿ ಮಾತನಾಡಿ, ನಿಮ್ಮ ಯಂತ್ರವನ್ನು ದೂರದಿಂದ ನೋಡುವ ತಂತ್ರಾಂಶವನ್ನು ಹಾಕಿಸಿ, ಹತ್ತು ರೂಪಾಯಿ ಕಟ್ಟಿ ಎಂದು ಹೇಳಿ, ಬ್ಯಾಂಕಿನ ಖಾತೆಯನ್ನು ಬರಿದುಮಾಡುತ್ತಾರೆ. ವೈಫೈಯನ್ನು ಸರಿಪಡಿಸುವುದಕ್ಕೆ ನಿಮ್ಮ ಒಟಿಪಿಯಾಗಲಿ ಬ್ಯಾಂಕಿನ ಕಾರ್ಡಾಗಲಿ ಯಾರಿಗೂ ಬೇಕಾಗಿಲ್ಲ. ಬಿಲ್ಲಿನಲ್ಲಿ ಅಚ್ಚಾದ ಸಂಖ್ಯೆಗೇ ಕರೆ ಮಾಡಬೇಕು. ಹಣ ಹೋಯಿತೆಂದು ತಿಳಿದ ಕೂಡಲೆ 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ತಿಳಿಸಬೇಕು; ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆಯಿದೆ.

ಇದಕ್ಕೆಲ್ಲ ಮುನ್ನೆಚ್ಚರಿಕೆ ಒಂದು ಪುಟದ ಬರವಣಿಗೆ. ಅನೇಕ ಮನೆಗಳಲ್ಲಿ ವೈಫೈಯ ವಿಷಯವೆಲ್ಲ ಒಬ್ಬ ಹುಡುಗನ ತಲೆಯಲ್ಲಿರುತ್ತದೆ. ಅವನು ಓದಿಗೆಂದು ಪರವೂರಿಗೆ ಹೋದ ದಿನ ತಂದೆತಾಯಿಗೆ ಗುಪ್ತಪದವೂ ತಿಳಿಯದು. ಹಾಲಿನ ಲೆಕ್ಕ ಬರೆಯುವ ಪುಸ್ತಕದ ಕೊನೆಯ ಪುಟದಲ್ಲಿ ಸಂಪರ್ಕದ ಗ್ರಾಹಕ ಸಂಖ್ಯೆ, ಬಿಲ್ಲಿನಲ್ಲಿರುವ ದೂರಿನ ದೂರವಾಣಿ, ಎಲ್ಲ ಸರಿಯಿರುವಾಗ ಪೆಟ್ಟಿಗೆಯ ಯಾವ ಯಾವ ದೀಪ ಯಾವ ಬಣ್ಣದಲ್ಲಿರುತ್ತದೆ ಎಂಬುದನ್ನು ಬರೆದಿಡಿ. ಗುಪ್ತಪದವನ್ನು ಮನೆಯ ಹಿರಿಯರಿಗೆ ಗೊತ್ತಿರುವ ಜಾಗದಲ್ಲಿ ಬೇರೆಯಾಗಿ ಇಡಿ. ವಿದ್ಯುತ್ತು ಹೋದಾಗ ಪೆಟ್ಟಿಗೆಯೊಂದನ್ನು ಕೆಲವು ಗಂಟೆ ಉರಿಸಬಲ್ಲ ಸಣ್ಣ ಬ್ಯಾಟರಿ ಪೆಟ್ಟಿಗೆಗಳೂ ಅಂಗಡಿಗಳಲ್ಲಿ ದೊರೆಯುತ್ತವೆ. ಮನೆಯಿಂದ ಕೆಲಸ ಮಾಡುವವರಿಗೆ ಅದು ಹೊಸ ಕಂಪ್ಯೂಟರಿಗಿಂತ ಉಪಯುಕ್ತ.

ದೂರು ಕೊಡುವಾಗಲೂ “ನೆಟ್ ಬರ್ತಾ ಇಲ್ಲ” ಎಂದಷ್ಟೇ ಹೇಳುವುದಕ್ಕಿಂತ, “ಬೆಳಗ್ಗೆ ಏಳರಿಂದ ಕೆಂಪು ದೀಪ ಉರಿಯುತ್ತಿದೆ, ಆರಿಸಿ ಹಚ್ಚಿದ್ದಾಯಿತು, ಪಕ್ಕದ ಮನೆಯಲ್ಲಿಯೂ ಹೀಗೆಯೇ ಇದೆ” ಎಂದು ಹೇಳಿ ನೋಡಿ. ಬರುವವನು ಪೆಟ್ಟಿಗೆಯನ್ನು ತಟ್ಟಿ ನೋಡುವುದಕ್ಕಾಗಿ ಮನೆಯೊಳಕ್ಕೆ ಬರುವುದಿಲ್ಲ; ಏಣಿಯನ್ನೂ ತಂತು ಬೆಸೆಯುವ ಯಂತ್ರವನ್ನೂ ಹಿಡಿದು ನೇರವಾಗಿ ಬೀದಿಯ ಕಂಬದ ಬಳಿಗೆ ಹೋಗುತ್ತಾನೆ.